ನೀರಿಗೆ ಬಂದ ಜಿಂಕೆಗೆ ಈಡು: ಇದೂ ಒಂದು ಶಿಕಾರಿಯೇ?

ಬೇಸಿಗೆ ಬಂತೆಂದರೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೆಲವು ಮಹನೀಯರ ಕೈ ತುರಿಸತೊಡಗುತ್ತದೆ. ಹಳ್ಳಗಳು ಬತ್ತಿ, ಕಾಡಂಚಿನ ಗುಂಡಿಯಲ್ಲೋ ಕಾಫಿ ತೋಟದ ಕೆರೆಯಲ್ಲೋ ಮಾತ್ರ ನೀರು ಉಳಿಯುವ ಹೊತ್ತಿಗೆ ಮೂಲೆಯಲ್ಲಿದ್ದ ಕೋವಿ ಎಣ್ಣೆ ಕಾಣುತ್ತದೆ. ಹೆಡ್‌ಲೈಟಿಗೆ ಹೊಸ ಸೆಲ್ಲು ಬೀಳುತ್ತದೆ. ಕತ್ತಲಾದ ಮೇಲೆ ಜೀಪು ಸದ್ದಿಲ್ಲದೆ ಹೊರಡುತ್ತದೆ. ಎಲ್ಲಿಗೆ ಸ್ವಾಮಿ ಸವಾರಿ ಅಂದರೆ, 'ಮರಸು ಕೂರೋಕೆ!'

ಮರಸು ಎಂದರೇನೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಪೇಟೆಯ ಓದುಗರಿಗಾಗಿ ಎರಡು ಮಾತು. ಜಿಂಕೆ, ಕಡವೆ ನೀರಿಗೆ ಬರುವ ದಾರಿಯಲ್ಲಿ, ಇಲ್ಲವೇ ನೆಲ್ಲಿಕಾಯಿ, ಅತ್ತಿಹಣ್ಣು ಉದುರುವ ಮರದ ಹತ್ತಿರ ಅಡಗಿ ಕೂರುವುದೇ ಮರಸು. ಕೆಲವರು ಮರದ ಮೇಲೆ ಅಟ್ಟಣೆ ಕಟ್ಟುತ್ತಾರೆ, ಕೆಲವರು ನೆಲದ ಮೇಲೇ ಸೊಪ್ಪಿನ ಮರೆ ಮಾಡಿಕೊಳ್ಳುತ್ತಾರೆ. ಬೀಡಿ ಸೇದುವಂತಿಲ್ಲ, ಕೆಮ್ಮುವಂತಿಲ್ಲ. ಗಾಳಿ ತಮ್ಮ ಕಡೆಯಿಂದ ನೀರಿನ ಕಡೆಗೆ ಬೀಸಿದರೆ ಜಿಂಕೆಗೆ ವಾಸನೆ ಹತ್ತಿ ಅಂದಿನ ಆಟ ಮುಗಿದಂತೆಯೇ.

ಈಗ ಸೊಪ್ಪು ಕಡಿಯುವ ಕಷ್ಟವೂ ಇಲ್ಲ. ಎಲೆಯ ಚಿತ್ತಾರವಿರುವ ಬಟ್ಟೆಯ ಗುಡಾರ ಬಂದಿದೆ. ಮಡಿಸಿದರೆ ಬೆನ್ನಿನ ಚೀಲ, ಬಿಚ್ಚಿದರೆ ಪೊದೆ! ಕಾಡುಪ್ರಾಣಿಗಳ ಫೋಟೋ ತೆಗೆಯುವವರಿಗೆಂದು ಮಾರುವ ಈ ಸರಕು ಮೊಬೈಲಿನಲ್ಲಿ ಆರ್ಡರ್ ಕೊಟ್ಟರೆ ಮನೆ ಬಾಗಿಲಿಗೇ ಬರುತ್ತದೆ. ಗುಡಾರದ ಕಿಂಡಿಯಿಂದ ಕ್ಯಾಮರಾ ಇಣುಕಿದರೆ ನಮ್ಮದೇನೂ ತಕರಾರಿಲ್ಲ. ಕೋವಿ ಇಣುಕಿದರೆ?

'ಅಮೆರಿಕದಲ್ಲಿ ಇಂಥದೇ ಗುಡಾರದಲ್ಲಿ ಕೂತು ಜಿಂಕೆ ಹೊಡೀತಾರೆ ಕಣ್ರೀ, ಅಲ್ಲಿಲ್ಲದ ಪಾಪ ಇಲ್ಲೆಲ್ಲಿಂದ ಬಂತು?' ಎಂದು ವಾದಿಸುವ ಪಂಡಿತರೂ ನಮ್ಮಲ್ಲಿದ್ದಾರೆ. ನಿಜ, ಹೊಡೆಯುತ್ತಾರೆ. ಆದರೆ ಅಲ್ಲಿ ಅದಕ್ಕೆ ಲೈಸೆನ್ಸಿದೆ, ಇಂತಿಷ್ಟೇ ದಿನ ಎಂಬ ಗಡುವಿದೆ, ಒಬ್ಬನಿಗೆ ಇಷ್ಟೇ ಎಂಬ ಲೆಕ್ಕವಿದೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿ ಬೇಟೆಯ ದಿನಗಳಲ್ಲಿ ಸರ್ಕಾರಿ ಜಾಗದಲ್ಲಿ ಗುಡಾರ ಹೂಡಿದರೆ, ನಾಲ್ಕೂ ಕಡೆಯಿಂದ ಕಾಣುವಂತೆ ಅದಕ್ಕೆ ಕಣ್ಣು ಕುಕ್ಕುವ ಕಿತ್ತಳೆ ಇಲ್ಲವೇ ಗುಲಾಬಿ ಬಣ್ಣದ ಬಟ್ಟೆ ಕಟ್ಟಬೇಕು. ಒಳಗೊಬ್ಬ ಮನುಷ್ಯನಿದ್ದಾನೆಂದು ಇನ್ನೊಬ್ಬ ಬೇಟೆಗಾರನಿಗೆ ತಿಳಿಯಲಿ ಅಂತ. ನಮ್ಮ ಶೂರರು ಕಿತ್ತಳೆ ಬಟ್ಟೆ ಕಟ್ಟುತ್ತಾರೆಯೇ? ಕಟ್ಟಿದರೆ ಮೊದಲು ಬರುವವನು ಗಾರ್ಡು! ಹಂದಿಯೆಂದು ತಿಳಿದು ಜೊತೆಗಾರನಿಗೇ ಈಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದೇನಲ್ಲ. ಪೊದೆಯಂತೆ ಕಾಣುವ ಗುಡಾರ ಬಂದರೆ ಅಂಥ ಸಾವು ಹೆಚ್ಚೀತೇ ಹೊರತು ಕಡಿಮೆಯಾಗದು.

ಇನ್ನು ನಮ್ಮ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಶಿಕಾರಿಗೆ ಲೈಸೆನ್ಸ್ ಕೊಡುವ ಪದ್ಧತಿ ಇನ್ನೂ ಇತ್ತು. ಆಗಲೂ ಅದೇ ಕಾಯಿದೆಯ 17ನೇ ಕಲಂ, ನೀರಿನ ತಾವಿನಲ್ಲಿ, ಉಪ್ಪುಮಣ್ಣು ನೆಕ್ಕುವ ಜಾಗದಲ್ಲಿ, ಅಲ್ಲಿಗೆ ಹೋಗುವ ದಾರಿಯಲ್ಲಿ ಪ್ರಾಣಿಗಳನ್ನು ಹೊಡೆಯಕೂಡದು ಎಂದು ಕಟ್ಟು ಹಾಕಿತ್ತು. ಸ್ಯಾಂಡ್‌ಗ್ರೌಸ್ ಹಕ್ಕಿ, ನೀರುಹಕ್ಕಿಗಳಿಗೆ ಮಾತ್ರ ವಿನಾಯಿತಿ. ಅಂದರೆ ಬೇಟೆ ಮರ್ಯಾದಸ್ಥರ ಹವ್ಯಾಸವೆನಿಸಿದ್ದ ಕಾಲದಲ್ಲೂ ನೀರು ಕುಡಿಯುತ್ತಿರುವ ಜಿಂಕೆಗೆ ಗುರಿ ಇಡುವುದು ತಪ್ಪೇ ಆಗಿತ್ತು. 1991ರ ತಿದ್ದುಪಡಿಯಲ್ಲಿ ಆ ಲೈಸೆನ್ಸುಗಳೂ ಹೋದವು. ಈಗ ಕೊಲ್ಲುವುದಷ್ಟೇ ಅಲ್ಲ, ಕೊಲ್ಲುವ ಪ್ರಯತ್ನವೂ ಬೇಟೆಯೇ. ಅಭಯಾರಣ್ಯದೊಳಗೆ ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು.

ಜಿಂಕೆ ಮರಿ ಹಾಕುವುದಕ್ಕೆ ಇಂಥದೇ ತಿಂಗಳೆಂಬುದಿಲ್ಲ, ವರ್ಷವಿಡೀ ಹಾಕುತ್ತದೆ. ಟಾರ್ಚಿನ ಬೆಳಕಿಗೆ ಹೊಳೆಯುವುದು ಎರಡು ಕಣ್ಣು ಮಾತ್ರ. ಅದು ಗಂಡೋ, ಗಬ್ಬದ ಹೆಣ್ಣೋ, ಮೊಲೆ ಕುಡಿಯುವ ಮರಿಯ ತಾಯೋ ನೋಡುವ ವ್ಯವಧಾನ ಯಾರಿಗಿದೆ? ಬಾಯಾರಿದ ಪ್ರಾಣಿಗೆ ಬೇರೆ ದಾರಿಯಿಲ್ಲವೆಂದು ಗೊತ್ತಿದ್ದೇ ಅಲ್ಲಿ ಕೂರುವುದಕ್ಕೆ ಗಂಡಸುತನ ಯಾಕೆ ಬೇಕು? ತೊಟ್ಟಿಗೆ ಬಂದ ದನವನ್ನು ಹೊಡೆದಂತಲ್ಲವೇ ಇದು?

ರೈತರ ಸಂಕಟ ನಮಗೆ ಗೊತ್ತಿಲ್ಲವೆಂದಲ್ಲ. ಒಂದೇ ರಾತ್ರಿಯಲ್ಲಿ ಗದ್ದೆ ಬೋಳಾದವನ ಹೊಟ್ಟೆಯುರಿ ದೊಡ್ಡದು. ಪರಿಹಾರದ ಅರ್ಜಿ ಹಿಡಿದು ಅಲೆದವನಿಗೆ ಧರ್ಮೋಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಒಂದು ಮಾತು. ಬೆಳೆ ಕಾಯುವವನು ಗದ್ದೆಯಲ್ಲಿ ಕೂರುತ್ತಾನೆ, ಡಬ್ಬ ಬಡಿಯುತ್ತಾನೆ, ಕೂಗು ಹಾಕುತ್ತಾನೆ. ಕೊಯ್ಲು ಮುಗಿದ ಮೇಲೆ, ಗದ್ದೆಯಿಂದ ಎರಡು ಮೈಲಿ ಆಚೆಯ ನೀರಿನ ಗುಂಡಿಯ ಪಕ್ಕ ಬಾಯಿ ಮುಚ್ಚಿಕೊಂಡು ಕೂತವನು ಯಾವ ಬೆಳೆ ಕಾಯುತ್ತಿದ್ದಾನೆ? ಅವನು ಕಾಯುತ್ತಿರುವುದು ಬಾಡೂಟಕ್ಕೆ. ಬಡ ರೈತನ ಹೆಸರು ಹೇಳಿಕೊಂಡು ಜೀಪಿನವರು ಪಾಲು ಹಂಚಿಕೊಳ್ಳುವುದನ್ನು ಮೊದಲು ಖಂಡಿಸಬೇಕಾದವನು ರೈತನೇ.

ಸಿಕ್ಕಿಬೀಳುವವರಾದರೂ ಯಾರು? ಚೀಲ ಹೊತ್ತ ಕೂಲಿಯಾಳು. ಕೋವಿಯ ಧಣಿ ಮನೆಯಲ್ಲಿ ನಿದ್ದೆ ಹೋಗಿರುತ್ತಾನೆ. ಮಾಂಸ ಕೊಂಡವನೂ, ಮನೆಯಲ್ಲಿಟ್ಟುಕೊಂಡವನೂ ಕಾನೂನಿನ ಕಣ್ಣಲ್ಲಿ ಅಪರಾಧಿಯೇ. ಹಾಗಿದ್ದೂ ಉಂಡವರ ಹೆಸರು ಎಷ್ಟು ಕೇಸಿನಲ್ಲಿ ಬಂದಿದೆ, ಅರಣ್ಯಾಧಿಕಾರಿಗಳೇ?

ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ತಂದಿಡಿ ಎಂದು ಆಜ್ಞೆಯಾಗುತ್ತದೆ. ಯಾವ ಮನೆಯಲ್ಲಿ ಯಾವ ಕೋವಿ ಎಂಬ ಪಟ್ಟಿ ಸರ್ಕಾರದ ಹತ್ತಿರ ಇದೆ ಎಂದಾಯಿತಲ್ಲ! ಓಟಿಗಾಗಿ ತೆಗೆಯುವ ಪಟ್ಟಿಯನ್ನು ಬೇಸಿಗೆಯಲ್ಲಿ ಒಮ್ಮೆ ತೆಗೆಯಲು ಏನು ಕಷ್ಟ? ಕೋವಿ ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಕೊಂಡ ತೋಟಾ ಎಷ್ಟು, ಉಳಿದದ್ದೆಷ್ಟು, ಲೆಕ್ಕ ಕೇಳಿ.

ಮುತ್ತೋಡಿ, ಲಕ್ಕವಳ್ಳಿಗಳ ಸಫಾರಿ ದಾರಿಯಲ್ಲಿ ಜೀಪು ಓಡಾಡುತ್ತಲೇ ಇರುತ್ತದೆ. ಗಸ್ತು ಬೇಕಾಗಿರುವುದು ಕಾಡಿನ ಹೊರ ಅಂಚಿನ ಕೆರೆ, ಗುಂಡಿ, ತೋಟದ ದಂಡೆಗಳಲ್ಲಿ. ಅದೂ ಮಾರ್ಚಿನಿಂದ ಮಳೆ ಹಿಡಿಯುವವರೆಗೆ, ರಾತ್ರಿ ಹೊತ್ತು. ತೋಟದ ಮಾಲೀಕರೂ ತಮ್ಮ ಕೆರೆಯ ದಂಡೆಯಲ್ಲಿ ಯಾರು ಕೂರುತ್ತಾರೆಂದು ತಿಳಿಯದಷ್ಟು ಮುಗ್ಧರೇನಲ್ಲ. ಇಲಾಖೆ ಮತ್ತು ಮಾಲೀಕರು ಈ ಬೇಸಿಗೆಗೆ ಇಷ್ಟು ಮಾಡಲಿ. ಮಾಡದಿದ್ದರೆ, ಮರಸು ಕೂತವರ ಜೊತೆ ಇವರಿಗೂ ಪಾಲುಂಟೇ ಎಂದು ಜನ ಕೇಳಿದಾಗ ಸಿಟ್ಟಾಗಬಾರದು.