ಹಾರುಬೆಕ್ಕಿನ ದೂರದ ಜೋಡಿ

ಮಕ್ಕಳೇ, ಈ ವಾರ ಮೊದಲು ಒಂದು ಒಗಟು. ಹಗಲೆಲ್ಲ ಮರದ ಪೊಟರೆಯಲ್ಲಿ ನಿದ್ದೆ, ಕತ್ತಲಾದ ಮೇಲೆ ಓಡಾಟ. ಮುಂಗಾಲಿನಿಂದ ಹಿಂಗಾಲಿನವರೆಗೆ ಎರಡೂ ಪಕ್ಕದಲ್ಲಿ ತುಪ್ಪಳದ ಚರ್ಮ. ಎತ್ತರದ ಕೊಂಬೆಯಿಂದ ನೆಗೆದು ಕೈಕಾಲು ಅಗಲಿಸಿದರೆ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಹತ್ತಾರು ಮೀಟರ್ ಆಚೆಯ ಮರಕ್ಕೆ ತೇಲಿಕೊಂಡು ಹೋಗುತ್ತದೆ. ಯಾವ ಪ್ರಾಣಿ?

ಮೂಡಿಗೆರೆ, ಕಳಸದ ಕಡೆಯವರು “ಹಾರುಬೆಕ್ಕು” ಎನ್ನುತ್ತೀರಿ. ಸರಿ. ಆಸ್ಟ್ರೇಲಿಯಾದ ಮಗುವನ್ನು ಕೇಳಿದರೆ “ಶುಗರ್ ಗ್ಲೈಡರ್” ಎನ್ನುತ್ತದೆ. ಅದೂ ಸರಿ! ಒಗಟು ಒಂದು, ಉತ್ತರ ಎರಡು.

ನಮ್ಮ ಹಾರುಬೆಕ್ಕು ಬೆಕ್ಕೂ ಅಲ್ಲ, ಹಕ್ಕಿಯಂತೆ ಹಾರುವುದೂ ಇಲ್ಲ. ಅದು ಕೆಂದಳಿಲಿನ ಹಾಗೆ ಅಳಿಲಿನ ಕುಟುಂಬಕ್ಕೆ ಸೇರಿದ್ದು. ಶುಗರ್ ಗ್ಲೈಡರ್ ಅಂಗೈಯಲ್ಲಿ ಕೂರುವಷ್ಟು ಚಿಕ್ಕದು, ಮರದ ಸಿಹಿರಸ, ಮಕರಂದ ಎಂದರೆ ಪ್ರಾಣ. ನೋಡಲು ಅಳಿಲೇ. ಆದರೆ ಅದು ಕಾಂಗರೂವಿನ ಕಡೆಯ ನೆಂಟ. ಅದರ ಮರಿ ಹುಟ್ಟುವಾಗ ಅಕ್ಕಿಕಾಳಿನಷ್ಟೇ ಇದ್ದು, ಆಮೇಲೆ ತಾಯಿಯ ಹೊಟ್ಟೆಯ ಚೀಲದಲ್ಲಿ ಬೆಳೆಯುತ್ತದೆ. ಈ ಎರಡು ವಂಶಗಳು ಬೇರೆಯಾಗಿ ಸುಮಾರು 16 ಕೋಟಿ ವರ್ಷಗಳಾದವು. ಆ ಲೆಕ್ಕದಲ್ಲಿ ಹಾರುಬೆಕ್ಕಿಗೆ ಶುಗರ್ ಗ್ಲೈಡರ್‌ಗಿಂತ ನಾವು, ನಮ್ಮ ಕೊಟ್ಟಿಗೆಯ ಹಸು ಹತ್ತಿರದ ಸಂಬಂಧ!

ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಇಬ್ಬರ ಸಹಿ ಒಂದೇ ಥರ ಕಂಡರೆ ನಕಲು ಎಂಬ ಅನುಮಾನ. ಇಲ್ಲಿ ನಕಲಿಲ್ಲ. ಬೇರೆ ಬೇರೆ ಶಾಲೆಯ ಇಬ್ಬರು ಮಕ್ಕಳಿಗೆ ಒಂದೇ ಲೆಕ್ಕ ಕೊಟ್ಟರೆ ಉತ್ತರ ಒಂದೇ ಬರುವುದಿಲ್ಲವೇ, ಹಾಗೆ. ಲೆಕ್ಕ ಇಷ್ಟೇ: ಆಹಾರ ಎತ್ತರದ ಮರಗಳಲ್ಲಿದೆ, ನೆಲದಲ್ಲಿ ಶತ್ರುಗಳಿದ್ದಾರೆ, ಇಳಿಯದೆ ದಾಟುವುದು ಹೇಗೆ? ಪಕ್ಕದ ಚರ್ಮ ಕೊಂಚ ಅಗಲವಿದ್ದ ಮರಿಗಳು ಹೆಚ್ಚು ಬದುಕಿ ಉಳಿದವು, ಅವುಗಳ ಮರಿಗಳಿಗೂ ಆ ಗುಣ ಬಂತು. ಲಕ್ಷಾಂತರ ವರ್ಷಗಳಲ್ಲಿ ಕೊಡೆ ಸಿದ್ಧವಾಯಿತು. ಇದಕ್ಕೆ ಒಮ್ಮುಖ ವಿಕಾಸ ಎಂದು ಹೆಸರು.

ನಕಲಲ್ಲ ಎಂಬುದಕ್ಕೆ ಸಾಕ್ಷಿ ಲೆಕ್ಕದ ಹಂತಗಳಲ್ಲಿದೆ. ಹಾರುಬೆಕ್ಕಿನ ಮಣಿಕಟ್ಟಿನಿಂದ ಮೃದ್ವಸ್ಥಿಯ ಕಡ್ಡಿಯೊಂದು ಹೊರಟು ಚರ್ಮವನ್ನು ಬಿಗಿಹಿಡಿಯುತ್ತದೆ. ಶುಗರ್ ಗ್ಲೈಡರ್‌ಗೆ ಆ ಕಡ್ಡಿ ಇಲ್ಲ. ಚರ್ಮ ಕಿರುಬೆರಳಿನಿಂದಲೇ ಶುರು. ಆಫ್ರಿಕಾದಲ್ಲಿ, ಮಲಯದ ಕಾಡುಗಳಲ್ಲಿ ಬೇರೆ ವಂಶದ ಸಸ್ತನಿಗಳೂ ಹೀಗೆ ತೇಲುತ್ತವೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಹಾರುವ ಓತಿ ಸಸ್ತನಿಯಲ್ಲ, ಸರೀಸೃಪ. ಅದು ಉದ್ದನೆಯ ಪಕ್ಕೆಲುಬುಗಳ ಮೇಲೆ ಚರ್ಮ ಹರಡಿ ತೇಲುತ್ತದೆ.

ಈಗ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಒಂದೇ ಥರ ಬದುಕುವವರಿಗೆ ಕಷ್ಟವೂ ಒಂದೇ ಥರ. ಎರಡಕ್ಕೂ ಬೇಕಾದದ್ದು ಪೊಟರೆಯಿರುವ ಹಳೆಯ ಮರ. ಆಸ್ಟ್ರೇಲಿಯಾದ ನೀಲಗಿರಿ ಮರಗಳಲ್ಲಿ ದೊಡ್ಡ ಪೊಟರೆಯಾಗಲು ನೂರು ವರ್ಷಕ್ಕೂ ಹೆಚ್ಚು ಬೇಕು. ಮರ ಕಡಿದು, 2019-20ರ ಕಾಳ್ಗಿಚ್ಚೂ ಸೇರಿ, ಶುಗರ್ ಗ್ಲೈಡರ್‌ನ ದೊಡ್ಡ ನೆಂಟ ಗ್ರೇಟರ್ ಗ್ಲೈಡರ್ ಅನ್ನು 2022ರಲ್ಲಿ ಅಲ್ಲಿನ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾಯಿತು.

ನಮ್ಮ ಕಾಫಿ ಗಿಡ ನೆರಳು ಬೇಡುವ ಗಿಡ. ಅದಕ್ಕಾಗಿಯೇ ಹಿರಿಯರು ಹಲಸು, ಅತ್ತಿ, ಮತ್ತಿ, ಹೊನ್ನೆ ಉಳಿಸಿದರು. ಜೊತೆಗೆ ಹಾರುಬೆಕ್ಕೂ ಉಳಿಯಿತು. ಈಗ ಎಷ್ಟೋ ತೋಟಗಳಲ್ಲಿ ಆ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ. ಅದೂ ಆಸ್ಟ್ರೇಲಿಯಾದ ಮರವೇ! ಮೆಣಸಿನ ಬಳ್ಳಿಗೆ ಒಳ್ಳೆಯದು, ಬೇಗ ಬೆಳೆಯುತ್ತದೆ, ಮಾರಿದರೆ ಹಣ. ಬೇಗ ಕಡಿಯುವ ಮರದಲ್ಲಿ ಪೊಟರೆಯಾಗಲು ಸಮಯವೆಲ್ಲಿ? ಸಾಲದ ಕಂತಿಗಾಗಿ ಮರ ಮಾರಿದವರನ್ನು ಕೌಂಟರಿನ ಈಚೆಯಿಂದ ಕಂಡಿದ್ದೇನೆ, ಅವರನ್ನು ದೂರಲಾರೆ. ಆದರೂ ಹಳೆಯ ಮರವೆಂದರೆ ತಾತ ಇಟ್ಟ ನೂರು ವರ್ಷದ ಡಿಪಾಸಿಟ್. ಅವಧಿಗೆ ಮುನ್ನ ಮುರಿದರೆ ಮೊಮ್ಮಗನ ಕಾಲಕ್ಕೆ ಮತ್ತೆ ಕೂಡುವುದಿಲ್ಲ. ತೋಟಕ್ಕೆ ನಾಲ್ಕಾರಾದರೂ ಹಾಗೇ ಇರಲಿ.

ಮಕ್ಕಳೇ, ಈ ಭಾನುವಾರ ಅಜ್ಜನ ಜೊತೆ ತೋಟ ಸುತ್ತಿ ಪೊಟರೆಯಿರುವ ಮರಗಳನ್ನು ಎಣಿಸಿ, ಹೆಸರು ಬರೆದಿಡಿ. ಪೊಟರೆಗೆ ಕೈ ಹಾಕಬೇಡಿ, ಹಾವಿದ್ದೀತು! ಮುಂದಿನ ವಾರಕ್ಕೊಂದು ಪ್ರಶ್ನೆ: ನಮ್ಮ ಚಿಪ್ಪುಹಂದಿಯಂತೆಯೇ ಉದ್ದ ನಾಲಿಗೆ ಚಾಚಿ ಇರುವೆ ತಿನ್ನುವ ದಕ್ಷಿಣ ಅಮೆರಿಕದ ಪ್ರಾಣಿ ಯಾವುದು?