ಎಲ್ಲರೂ ಮತ ಹಾಕಿ ಕೆಲವರಿಗೆ ಕೊಟ್ಟ ಮತಾಧಿಕಾರ

1962ರ ಜನವರಿ 1ರಂದು ಪಶ್ಚಿಮ ಸಮೋವಾ ಸ್ವತಂತ್ರವಾಯಿತು. ಅದುವರೆಗೆ ಅದನ್ನು ಆಳುತ್ತಿದ್ದದ್ದು ಬ್ರಿಟನ್ನೂ ಅಲ್ಲ, ಫ್ರಾನ್ಸೂ ಅಲ್ಲ. ನಮ್ಮಲ್ಲಿ ಹಲವರು ಬದುಕು ಕಟ್ಟಿಕೊಂಡಿರುವ ಈ ನ್ಯೂಜಿಲೆಂಡ್. ಸೌಮ್ಯ ದೇಶವೆಂದು ನಾವು ಮೆಚ್ಚಿಕೊಳ್ಳುವ ಈ ನಾಡಿಗೂ ಒಂದು ವಸಾಹತು ಇತ್ತೆಂಬುದು ನಮ್ಮ ಮಾತುಕತೆಗಳಲ್ಲಿ ಅಪರೂಪಕ್ಕೂ ಸುಳಿಯುವುದಿಲ್ಲ. 1918ರಲ್ಲಿ ಆಕ್ಲೆಂಡಿನಿಂದ ಹೋದ ಹಡಗೊಂದು ಇನ್‌ಫ್ಲುಯೆಂಜಾ ಹೊತ್ತೊಯ್ದು, ಅಧಿಕಾರಿಗಳು ಅದನ್ನು ಬಂದರಿನಲ್ಲಿ ತಡೆಯದೆ, ಅಲ್ಲಿನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಅಳಿಯಿತು. 1929ರ ಡಿಸೆಂಬರ್ 28ರಂದು ಆಪಿಯಾದಲ್ಲಿ ‘ಮೌ’ ಸ್ವಾತಂತ್ರ್ಯ ಚಳವಳಿಯ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇವಕ್ಕೆ ಪ್ರಧಾನಿ ಹೆಲೆನ್ ಕ್ಲಾರ್ಕ್ ಕ್ಷಮೆ ಕೇಳಿದ್ದು 2002ರಲ್ಲಿ.

ನನ್ನ ಕುತೂಹಲ ಇರುವುದು ಆ ಹೊಸ ರಾಷ್ಟ್ರದ ಮೊದಲ ಸರ್ಕಾರದ ಬಗ್ಗೆ. ಸಂವಿಧಾನ ಸಮಾವೇಶವು 1960ರ ಅಕ್ಟೋಬರ್ 28ರಂದು ಸಂವಿಧಾನವನ್ನು ಅಂಗೀಕರಿಸಿತು. ಸಲಹೆಗಾರರಾಗಿದ್ದವರು ಇತಿಹಾಸಕಾರ ಜೇಮ್ಸ್ ಡೇವಿಡ್‌ಸನ್ ಮತ್ತು ವೆಲಿಂಗ್ಟನ್ನಿನ ಕಾನೂನು ಪ್ರಾಧ್ಯಾಪಕ ಕಾಲಿನ್ ಐಕ್‌ಮನ್. 1961ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಜನಮತಗಣನೆ ನಡೆಯಿತು. ವಿಶ್ವಸಂಸ್ಥೆಯ ಒತ್ತಾಯದಿಂದ ವಯಸ್ಕರೆಲ್ಲರೂ, ಹೆಂಗಸರೂ ಸೇರಿ, ಮತ ಹಾಕಿದರು. ದೊಡ್ಡ ಬಹುಮತದಿಂದ ಒಪ್ಪಿದರು. ಆದರೆ ಹೀಗೆ ಅವರು ಒಪ್ಪಿಕೊಂಡ ವ್ಯವಸ್ಥೆಯಲ್ಲಿ ಸಂಸತ್ತಿಗೆ ಮತ ಹಾಕುವ ಹಕ್ಕು ಹೆಚ್ಚುಕಡಿಮೆ ‘ಮತಾಯಿ’ಗಳಿಗೆ, ಎಂದರೆ ಪಟ್ಟ ಪಡೆದ ಕುಟುಂಬದ ಮುಖ್ಯಸ್ಥರಿಗೆ ಮಾತ್ರ. ಪಟ್ಟದ ಆಚೆಗಿದ್ದದ್ದು, ಬಹುಪಾಲು ಯುರೋಪಿಯನ್ ಮೂಲದವರಿಗಾಗಿ ಇರಿಸಿದ ಪ್ರತ್ಯೇಕ ಮತದಾರರ ಪಟ್ಟಿಯೊಂದೇ. 1893ರಲ್ಲೇ ಹೆಂಗಸರಿಗೆ ಮತಾಧಿಕಾರ ಕೊಟ್ಟೆನೆಂದು ಬೀಗುವ ನ್ಯೂಜಿಲೆಂಡ್ ಇದಕ್ಕೆ ಸಮ್ಮತಿಸಿತು.

ಭಾರತದಲ್ಲಿ ನಡೆದದ್ದು ಇದರ ತಿರುವುಮುರುವು. ನಮ್ಮ ಸಂವಿಧಾನ ಸಭೆಯನ್ನು ಜನ ನೇರವಾಗಿ ಆರಿಸಲೇ ಇಲ್ಲ. ಅದು ಸೀಮಿತ ಮತಾಧಿಕಾರದ ಪ್ರಾಂತೀಯ ಶಾಸನಸಭೆಗಳಿಂದ ಹುಟ್ಟಿದ್ದು. ಮೈಸೂರು ಸಂಸ್ಥಾನದಿಂದ ಹೋದ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯನವರಿಗೂ ರೈತರು, ಕೂಲಿಯವರು ಮತ ಹಾಕಿರಲಿಲ್ಲ. ಹಾಗಿದ್ದೂ ಆ ಸಭೆ ಅಕ್ಷರ ಬಾರದವರಿಗೂ ಮತ ಕೊಟ್ಟಿತು. ಹುಟ್ಟಿನಲ್ಲಿ ನಮ್ಮದು ಕಡಿಮೆ ಪ್ರಜಾಸತ್ತಾತ್ಮಕ, ಫಲದಲ್ಲಿ ಹೆಚ್ಚು.

ಸಮೋವಾದ ಜನ ಇನ್ನೂ ಸಿದ್ಧರಿರಲಿಲ್ಲ ಎಂದುಬಿಡುವುದು ಸುಲಭ. ಅದು ಆಳುವವರ ಹಳೆಯ ರಾಗ. ನಮ್ಮ ಬಗ್ಗೆಯೂ ಹಾಡಿದ್ದೇ. ಮತಾಯಿ ಪಟ್ಟ ನಮ್ಮ ಜಾತಿಯಂತಲ್ಲ: ಯಾರಿಗೆ ಪಟ್ಟ ಎಂಬುದನ್ನು ವಿಸ್ತೃತ ಕುಟುಂಬ ಕೂತು ಮಾತಾಡಿ ತೀರ್ಮಾನಿಸುತ್ತದೆ, ಹೆಂಗಸರೂ ಪಡೆಯಬಹುದು. ಗುಂಡೇಟು ತಿಂದ ಚಳವಳಿಯನ್ನು ಕಟ್ಟಿದ್ದೂ ಇದೇ ವ್ಯವಸ್ಥೆ. ಪರಕೀಯರು ಕೈಯಿಡಲಾಗದ ಒಂದು ವಸ್ತು ತಮ್ಮಲ್ಲಿ ಉಳಿಯಲಿ ಎಂಬ ಹಟ ನನಗೆ ಅರ್ಥವಾಗುತ್ತದೆ.

ಆದರೂ ಒಪ್ಪಲಾರೆ. ಊರ ಹಿರಿಯರ ಒಮ್ಮತ ಎಂಬ ಮಾತಿನ ಒಳಗೆ ಯಾರ ಬಾಯಿ ಮುಚ್ಚಿರುತ್ತದೆ ಎಂಬುದು ಕರ್ನಾಟಕದ ಹಳ್ಳಿಯ ಕಟ್ಟೆಗಳನ್ನು ಕಂಡವರಿಗೆ ಹೇಳಬೇಕಿಲ್ಲ. ಸಂಪ್ರದಾಯವನ್ನು ಕಾಯಲೆಂದು ತಂದ ನಿಯಮ ಸಂಪ್ರದಾಯವನ್ನೇ ಕೆಡಿಸಿತು: ಪಟ್ಟವೆಂದರೆ ಮತ ಎಂದಾದ ಮೇಲೆ ಮತಕ್ಕಾಗಿ ಪಟ್ಟಗಳನ್ನು ಒಡೆದು ಹಂಚತೊಡಗಿದರು. 1990ರ ಜನಮತಗಣನೆಯಲ್ಲಿ, ಅದೂ ಅಲ್ಪ ಅಂತರದಿಂದ, ಎಲ್ಲ ವಯಸ್ಕರಿಗೂ ಮತ ದೊರೆಯಿತು. ಅಭ್ಯರ್ಥಿ ಮಾತ್ರ ಇಂದಿಗೂ ಮತಾಯಿಯೇ ಆಗಿರಬೇಕು.

ಮೊದಲ ಪ್ರಧಾನಿ ಫಿಯಾಮೆ ಮತಾಅಫಾ ಅವರ ಮಗಳು ಫಿಯಾಮೆ ನವೊಮಿ 2021ರಲ್ಲಿ ಚುನಾವಣೆ ಗೆದ್ದಾಗ ಸಂಸತ್ತಿನ ಬಾಗಿಲಿಗೆ ಬೀಗ ಬಿದ್ದಿತ್ತು. ಮೇ 24ರಂದು ಅವರು ಹೊರಗೆ ಡೇರೆಯೊಂದರಲ್ಲಿ ಪ್ರಮಾಣವಚನ ತೆಗೆದುಕೊಂಡರು. ಬಿಕ್ಕಟ್ಟಿನ ಒಂದು ಎಳೆ, ಸಂಸತ್ತಿನಲ್ಲಿ ಕನಿಷ್ಠ ನೂರಕ್ಕೆ ಹತ್ತು ಸ್ಥಾನ ಹೆಂಗಸರದಾಗಿರಬೇಕೆಂಬ 2013ರ ತಿದ್ದುಪಡಿ: 51 ಸ್ಥಾನಗಳ ಸಂಸತ್ತಿನಲ್ಲಿ ನೂರಕ್ಕೆ ಹತ್ತೆಂದರೆ ಐವರೋ, ಆರೋ? ಸೋತ ಪಕ್ಷದ ಹೆಂಗಸೊಬ್ಬರನ್ನು ಆರನೆಯವರಾಗಿ ಸೇರಿಸಿ ಬಲವನ್ನು 26–26 ಮಾಡಲಾಯಿತು. ಹೆಂಗಸರಿಗಾಗಿ ಬರೆದ ಕಲಮು ದೇಶದ ಮೊದಲ ಮಹಿಳಾ ಪ್ರಧಾನಿಯನ್ನು ತಡೆಯುವ ಅಸ್ತ್ರವಾಯಿತು. ನ್ಯಾಯಾಲಯ ಅದನ್ನು ಬಿಡಿಸುವ ಹೊತ್ತಿಗೆ ಜುಲೈ ಬಂದಿತ್ತು.