ಹಡಗು ನಮ್ಮದು, ಇಂಜಿನು ಅನ್ಯರದು

ಗಾರ್ಡನ್ ರೀಚಿನ ಹಡಗುಕಟ್ಟೆಯಲ್ಲಿ ನಿರ್ಮಿತವಾದ ‘ಹಿಮಗಿರಿ’ ಎಂಬ ಯುದ್ಧನೌಕೆಯು 2025ರ ಆಗಸ್ಟ್ 26ರಂದು ವಿಶಾಖಪಟ್ಟಣದಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿತು. ಮುಂಬಯಿಯಲ್ಲಿ ಕಟ್ಟಿದ ‘ಉದಯಗಿರಿ’ಯೂ ಅದೇ ದಿನ ಸೇವೆಗೆ ಸೇರಿದುದರಿಂದ ಸಮಾರಂಭಕ್ಕೆ ಇಮ್ಮಡಿ ಕಳೆ ಬಂದಿತು. 149 ಮೀಟರು ಉದ್ದದ, 6,600 ಟನ್ನಿಗೂ ಮಿಗಿಲಾದ ಈ ನೌಕೆಯು ನಮ್ಮ ಕಣ್ಣೆದುರಿನಲ್ಲೇ 2020ರ ಡಿಸೆಂಬರಿನಲ್ಲಿ ಹೂಗ್ಲಿಯ ನೀರಿಗಿಳಿದುದು. ಊರು ಬಿಟ್ಟು ಬಂದು ಈ ನದಿಯ ದಡದಲ್ಲಿ ಅನ್ನ ಕಂಡುಕೊಂಡ ನಾವು ಬೀದಿಯವರೊಡನೆ ಹೆಮ್ಮೆಪಟ್ಟುದರಲ್ಲಿ ಆಶ್ಚರ್ಯವಿಲ್ಲ.

ಹೆಮ್ಮೆಗೆ ಕಾರಣಗಳೂ ಉಂಟು. 1884ರಲ್ಲಿ ನದಿಯ ಹಡಗುಗಳ ದುರಸ್ತಿಗೆಂದು ಹುಟ್ಟಿದ ಸಣ್ಣ ಕಾರ್ಖಾನೆಯಿದು. 1960ರಲ್ಲಿ ಕೇಂದ್ರ ಸರಕಾರವು ಇದನ್ನು ಕೊಂಡುಕೊಂಡಿತು. ಮರುವರ್ಷವೇ ‘ಅಜಯ್’ ಎಂಬ ಕಿರಿಯ ಕಾವಲುನೌಕೆಯನ್ನು ಇಲ್ಲಿಂದ ನೌಕಾಪಡೆಗೆ ಒಪ್ಪಿಸಲಾಯಿತು; ಸ್ವತಂತ್ರ ಭಾರತವು ತಾನೇ ಕಟ್ಟಿಕೊಂಡ ಮೊದಲ ಯುದ್ಧನೌಕೆ ಅದು. 2019ರಲ್ಲಿ ನೂರನೆಯ ಯುದ್ಧನೌಕೆಯೂ ಇಲ್ಲಿಂದಲೇ ಹೊರಟಿತು. ಸರಕಾರವು ಕಾರ್ಖಾನೆ ನಡೆಸುವುದು ದಂಡವೆಂದು ವಾದಿಸುವ ಪಂಡಿತರು ಒಮ್ಮೆ ಈ ಗೋಡೆಯ ಪಕ್ಕದಲ್ಲಿ ನಡೆದುಹೋದರೆ ಒಳ್ಳೆಯದು.

ಆದರೆ ಹಿಮಗಿರಿಯನ್ನು ಅತಿವೇಗದಲ್ಲಿ ಓಡಿಸುವ ಎರಡು ಗ್ಯಾಸ್ ಟರ್ಬೈನುಗಳು ಯಾರವು? ಅವು ಅಮೇರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲ್.ಎಂ. 2500 ಎಂಬ ಮಾದರಿಯವು. ಭಾಗಗಳು ಅಲ್ಲಿಂದ ಬರುತ್ತವೆ; ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ನಮ್ಮವರು ಅವನ್ನು ಜೋಡಿಸಿ ಪರೀಕ್ಷಿಸಿ ಕಳುಹಿಸುತ್ತಾರೆ. ಇದೇ ವರ್ಗದ ಏಳು ಹಡಗುಗಳಿಗೆ, ಅಂದರೆ ಮುಂಬಯಿಯ ನಾಲ್ಕು ಮತ್ತು ಇಲ್ಲಿನ ಮೂರಕ್ಕೆ, ಇಂಥ ಹದಿನಾಲ್ಕು ಯಂತ್ರಗಳು ಬೇಕು. ಹಡಗಿನ ಶೇಕಡಾ 75 ಭಾಗ ಸ್ವದೇಶಿಯೆಂದು ಸರಕಾರವು ಹೇಳಿಕೊಂಡಿದೆ. ಲೆಕ್ಕ ಸುಳ್ಳೆಂದು ನಾವು ಹೇಳುವುದಿಲ್ಲ. ಉಳಿದ 25ರಲ್ಲಿ ಏನಿದೆ ಎಂಬುದನ್ನು ಮಾತ್ರ ವಿಚಾರಿಸುತ್ತೇವೆ.

ನಾವು ಎಸ್.ಎಸ್.ಎಲ್.ಸಿ.ಗೆ ಓದು ಮುಗಿಸಿದವರು. ಲೇಖನಿ ಹಿಡಿಯುವ ಮುನ್ನ ಹೋಟೆಲಿನ ಗಲ್ಲಾದ ಮೇಲೆ ಕುಳಿತವರು. ಆಗ ಒಮ್ಮೆ ಹಿಟ್ಟು ರುಬ್ಬುವ ಯಂತ್ರದ ಮೋಟಾರು ಸುಟ್ಟುಹೋಯಿತು. ಯಂತ್ರ ನಮ್ಮದೇ, ದುಡ್ಡು ಪೂರಾ ಕೊಟ್ಟಾಗಿತ್ತು. ಆದರೆ ಒಳಗಿನ ಬಿಡಿಭಾಗವು ಒಬ್ಬನೇ ವ್ಯಾಪಾರಿಯ ಬಳಿ ದೊರಕುತ್ತಿತ್ತು. ಅವನು ನಾಳೆ ಬಾ ಎಂದ, ನಾಡಿದ್ದು ಬಾ ಎಂದ. ಹನ್ನೊಂದು ದಿನ ದೋಸೆಯ ಹಿಟ್ಟನ್ನು ಒರಳಿನಲ್ಲಿ ರುಬ್ಬಿಸಿದೆವು. ಅಡುಗೆಯವರ ಬೈಗುಳಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಹೋಟೆಲಿಗಾದರೆ ಒರಳಾದರೂ ಇತ್ತು; ಯುದ್ಧನೌಕೆಗೆ ಒರಳಿಲ್ಲ.

ಇದು ಕಲ್ಪನೆಯ ಭಯವಲ್ಲ. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ‘ಶಿವಾಲಿಕ್’ ನೌಕೆ ಸಿದ್ಧವಾಗುತ್ತಿದ್ದಾಗ ಅದರಲ್ಲಿಯೂ ಇದೇ ಎಲ್.ಎಂ. 2500 ಯಂತ್ರಗಳಿದ್ದವು. 2009ರ ಆರಂಭದಲ್ಲಿ ಅಮೇರಿಕದಲ್ಲಿ ಹೊಸ ಆಡಳಿತವು ಬಂದ ಬೆನ್ನಿಗೇ, ಯಂತ್ರಗಳನ್ನು ಚಾಲೂ ಮಾಡಿಕೊಡುವ ಕೆಲಸವನ್ನು ನಿಲ್ಲಿಸಬೇಕೆಂದು ಅಲ್ಲಿನ ಸರಕಾರವು ಕಂಪನಿಗೆ ಸೂಚಿಸಿತು. ನಮ್ಮೊಡನೆ ಜಗಳವೇನೂ ಇರಲಿಲ್ಲ. ಪರದೇಶಗಳೊಡನೆ ಸೈನಿಕ ವ್ಯವಹಾರಗಳನ್ನು ಪುನಃ ಪರಿಶೀಲಿಸುತ್ತಿದ್ದೇವೆ ಎಂಬುದಷ್ಟೇ ಕಾರಣ. ಮುಂದೆ ಆ ತಡೆ ತೆರವಾಯಿತು. 2010ರ ಏಪ್ರಿಲಿನಲ್ಲಿ ಶಿವಾಲಿಕ್ ಸೇವೆಗೆ ಸೇರಿತು. ಸ್ನೇಹದ ಕಾಲದಲ್ಲಿಯೇ ಹೀಗಾದರೆ ಮನಸ್ತಾಪದ ಕಾಲದಲ್ಲಿ ಏನಾದೀತು?

ಏನಾಗುವುದೆಂಬುದಕ್ಕೆ ರಷ್ಯವೇ ಉದಾಹರಣೆ. ಅಣುಬಾಂಬುಗಳನ್ನು ಪೇರಿಸಿಟ್ಟುಕೊಂಡ ಆ ಮಹಾಶಕ್ತಿಯು ತನ್ನ ಯುದ್ಧನೌಕೆಗಳ ಟರ್ಬೈನುಗಳಿಗಾಗಿ ಯುಕ್ರೇನಿನ ಕಾರ್ಖಾನೆಯನ್ನು ನಂಬಿತ್ತು. ಸೋವಿಯತ್ ಒಕ್ಕೂಟವಿದ್ದಾಗ ಅದು ಮನೆಯೊಳಗಿನ ಕಾರ್ಖಾನೆ. ಒಕ್ಕೂಟ ಒಡೆದ ಮೇಲೆ ನೆರೆಮನೆಯದು. 2014ರಲ್ಲಿ ಕ್ರೈಮಿಯಾವನ್ನು ರಷ್ಯವು ಸೇರಿಸಿಕೊಂಡ ಮೇಲೆ ಶತ್ರುವಿನ ಮನೆಯದು. ಯುಕ್ರೇನು ಯಂತ್ರಗಳನ್ನು ನಿಲ್ಲಿಸಿತು. ಅರ್ಧ ಕಟ್ಟಿದ ಹಡಗುಗಳು ಇಂಜಿನಿಲ್ಲದೆ ಕಟ್ಟೆಯಲ್ಲಿಯೇ ಉಳಿದವು. ಅವುಗಳಲ್ಲಿ ಎರಡನ್ನು ಕೊಂಡವರು ನಾವೇ. ಟರ್ಬೈನುಗಳನ್ನು ಭಾರತವು ಯುಕ್ರೇನಿನಿಂದ ಖರೀದಿಸಿ ರಷ್ಯದ ಹಡಗುಕಟ್ಟೆಗೆ ಮುಟ್ಟಿಸಿದ ಮೇಲೆ ‘ತುಶಿಲ್’ 2024ರ ಡಿಸೆಂಬರಿನಲ್ಲಿಯೂ ‘ತಮಾಲ್’ 2025ರ ಜುಲೈಯಲ್ಲಿಯೂ ಕಲಿನಿನ್‌ಗ್ರಾದಿನಲ್ಲಿ ನಮ್ಮ ಸೇವೆಗೆ ಸೇರಿದವು. ಪರಸ್ಪರ ಕಾದಾಡುತ್ತಿರುವ ಇಬ್ಬರ ಸರಕನ್ನು ಒಂದೇ ಹಡಗಿನಲ್ಲಿ ಕೂಡಿಸಿದ ನಮ್ಮ ಅಧಿಕಾರಿಗಳ ಜಾಣ್ಮೆಯನ್ನು ಮೆಚ್ಚಬೇಕು. ಆದರೆ ಅಂಥ ಅವಕಾಶ ಪ್ರತಿ ಸಲವೂ ಒದಗಲಾರದು.

ಇಂದು ದೊಡ್ಡ ರಾಷ್ಟ್ರಗಳು ಪರಸ್ಪರ ಹಿಡಿದಿರುವ ಆಯುಧವೂ ಇದೇ. ಮುಂದುವರಿದ ಗಣಕ ಚಿಪ್ಪುಗಳೂ ಅವನ್ನು ತಯಾರಿಸುವ ಯಂತ್ರಗಳೂ ಚೀನಕ್ಕೆ ಹೋಗದಂತೆ ಅಮೇರಿಕವು 2022ರ ಅಕ್ಟೋಬರಿನಲ್ಲಿ ಕಟ್ಟಳೆ ಮಾಡಿತು. ಚೀನವು 2025ರ ಏಪ್ರಿಲಿನಲ್ಲಿ ಕೆಲವು ಅಪರೂಪದ ಖನಿಜಗಳ ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ಪರವಾನಗಿಯ ಬೀಗ ಹಾಕಿತು. ಏಟು ಅಮೇರಿಕಕ್ಕೆ ಗುರಿಯಿಟ್ಟುದು. ಆದರೆ ನಮ್ಮ ಮೋಟಾರು ಗಾಡಿಯ ಕಾರ್ಖಾನೆಗಳೂ ಅಯಸ್ಕಾಂತಕ್ಕಾಗಿ ಪರದಾಡಿದವು. ಬಳಿಕ ನವೆಂಬರಿನಲ್ಲಿ ಕೇಂದ್ರ ಸರಕಾರವು ದೇಶದೊಳಗೆ ಅಯಸ್ಕಾಂತ ತಯಾರಿಕೆಗೆ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನೀರು ಬತ್ತಿದ ಮೇಲೆ ಬಾವಿ ತೋಡುವ ಈ ಚಾಳಿ ನಮಗೆ ಹೊಸದಲ್ಲ.

ತೋಡಿದರೆ ನೀರು ಬರುವುದೇ ಎಂದು ಕೇಳುವವರಿಗೆ ಹಿಮಗಿರಿಯ ಉಕ್ಕೇ ಉತ್ತರ. ವಿಮಾನವಾಹಕ ‘ವಿಕ್ರಾಂತ್’ ನೌಕೆಗೆ ಹೊರಗಿನಿಂದ ಉಕ್ಕು ಸಕಾಲಕ್ಕೆ ದೊರೆಯದಾದಾಗ ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯವೂ ಸರಕಾರಿ ಉಕ್ಕು ಪ್ರಾಧಿಕಾರವೂ ಕೂಡಿ ಡಿ.ಎಂ.ಆರ್. 249 ಎಂಬ ಹಡಗಿನ ಉಕ್ಕನ್ನು ಸಿದ್ಧಪಡಿಸಿದವು. ಗಾರ್ಡನ್ ರೀಚಿನಲ್ಲಿಯೇ ಕಟ್ಟಿ 2014ರಲ್ಲಿ ಒಪ್ಪಿಸಿದ ‘ಕಮೋರ್ತಾ’ ಆ ಉಕ್ಕಿನದು. ವಿಕ್ರಾಂತಿಗೆ ಸುಮಾರು 30,000 ಟನ್ನು, ಹಿಮಗಿರಿ ಉದಯಗಿರಿಗಳೆರಡಕ್ಕೆ 8,000 ಟನ್ನು ಉಕ್ಕು ದೇಶದ ಕುಲುಮೆಗಳಿಂದಲೇ ಬಂದಿತು. ಆದರೆ ಆ ವಿಕ್ರಾಂತನ್ನು ಓಡಿಸುವ ನಾಲ್ಕು ಯಂತ್ರಗಳೂ ಎಲ್.ಎಂ. 2500 ಎಂಬುದನ್ನು ವಾಚಕರು ಗಮನಿಸಬೇಕು.

ಉಕ್ಕು ಕೈಗೂಡಿತು, ಇಂಜಿನು ಏಕೆ ಕೈಗೂಡಲಿಲ್ಲ? ಟರ್ಬೈನಿನ ಅಲಗುಗಳು ತಮ್ಮ ಲೋಹವೇ ಕರಗುವಷ್ಟು ಕಾವಿನ ಗಾಳಿಯಲ್ಲಿ ಸಾವಿರಾರು ಗಂಟೆ ಗಿರಗಿರನೆ ತಿರುಗಬೇಕು. ಆ ಲೋಹವನ್ನು ಎರಕ ಹೊಯ್ಯುವ ಗುಟ್ಟನ್ನು ಬಲ್ಲ ರಾಷ್ಟ್ರಗಳು ಬೆರಳೆಣಿಕೆಯಷ್ಟು, ಬಲ್ಲವರು ಹೇಳಿಕೊಡುವುದಿಲ್ಲ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ 1989ರಲ್ಲಿ ಈ ಕಾರ್ಯವನ್ನು ವಹಿಸಿ, ಇಂಜಿನಿಗೆ ನಮ್ಮ ನದಿಯ ಹೆಸರನ್ನೇ ಇಟ್ಟರು: ಕಾವೇರಿ. ತೇಜಸ್ ವಿಮಾನಕ್ಕೆ ಬೇಕಾದಷ್ಟು ಬಲವು ಅದಕ್ಕೆ ಬರಲಿಲ್ಲ. 2008ರಲ್ಲಿ ಅದನ್ನು ತೇಜಸ್ಸಿನಿಂದ ಬೇರ್ಪಡಿಸಿದರು. ತೇಜಸ್ಸಿಗೂ ಜನರಲ್ ಎಲೆಕ್ಟ್ರಿಕ್ಕೇ ಗತಿಯಾಯಿತು. 2021ರಲ್ಲಿ ಕೇಳಿದ 99 ಇಂಜಿನುಗಳಲ್ಲಿ ಮೊದಲನೆಯದು ಬಹು ತಡವಾಗಿ 2025ರ ಮಾರ್ಚಿಯಲ್ಲಿ ಕೈಸೇರಿತು. ಅದರಲ್ಲಿ ದ್ವೇಷವೇನಿರಲಿಲ್ಲ; ಕಂಪನಿಗೇ ಬಿಡಿಭಾಗಗಳ ಕೊರತೆಯಿತ್ತು. ಕಾದವರಿಗೆ ವ್ಯತ್ಯಾಸವೇನು?

ಇದೇ ಕಾವೇರಿಯ ಒಂದು ರೂಪವನ್ನು ಹಡಗಿಗೆಂದು ಸಿದ್ಧಗೊಳಿಸಿ ವಿಶಾಖಪಟ್ಟಣದ ನೌಕಾಗೋದಿಯಲ್ಲಿ ಓಡಿಸಿ ನೋಡಲಾಗಿತ್ತು. ಸುಮಾರು 12 ಮೆಗಾವಾಟು ಶಕ್ತಿ ಬಂದಿತೆಂದು ವರದಿಯಾಯಿತು. ಹಿಮಗಿರಿಯಂಥ ದೊಡ್ಡ ಹಡಗಿಗೆ ಅದು ಸಾಲದು. ಸಾಲದ ಇಂಜಿನಿನಲ್ಲಿ ನಾವಿಕರನ್ನು ಸಮುದ್ರಕ್ಕೆ ಕಳುಹಿಸಲಾಗದೆಂಬ ನೌಕಾಪಡೆಯ ನಿಲುವನ್ನು ನಾವು ತಪ್ಪೆನ್ನಲಾರೆವು. ಆದರೆ ಚಿಕ್ಕ ಹಡಗುಗಳಿಲ್ಲವೇ? ದಡದ ಮೇಲೆ ವಿದ್ಯುತ್ತು ಉತ್ಪಾದಿಸುವ ಕೆಲಸವಿಲ್ಲವೇ? ಅಜಯ್ ಎಂಬ ಚಿಕ್ಕ ನೌಕೆಯನ್ನು ಕೊಳ್ಳುವವರೇ ಇಲ್ಲದಿದ್ದರೆ ಗಾರ್ಡನ್ ರೀಚಿನವರು ಹಿಮಗಿರಿಯನ್ನು ಕಟ್ಟಲು ಎಲ್ಲಿ ಕಲಿಯುತ್ತಿದ್ದರು? ಉಕ್ಕು ಬೆಳೆದುದು ಅದಕ್ಕೆ ಹಡಗುಗಳ ಬೇಡಿಕೆ ಬೆನ್ನಿಗಿದ್ದುದರಿಂದ. ಕಾವೇರಿಗೆ ಪ್ರಯೋಗದ ಹಣ ದೊರೆಯಿತು, ಗಿರಾಕಿ ದೊರೆಯಲಿಲ್ಲ.

ಗಿರಾಕಿಯೂ ಪಟ್ಟೂ ಇದ್ದಲ್ಲಿ ಏನಾಯಿತೆಂಬುದನ್ನು ಉಡುಪಿಯ ಕಡೆಯವರು ಬಲ್ಲರು. ಅದಮಾರಿನಲ್ಲಿ ಹುಟ್ಟಿದ ಪ್ರೊಫೆಸರ್ ಯು. ಆರ್. ರಾಯರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ ಕ್ರಯೋಜೆನಿಕ್ ಇಂಜಿನಿನ ವಿದ್ಯೆಗಾಗಿ ರಷ್ಯದೊಡನೆ ಒಪ್ಪಂದವಾಗಿತ್ತು. ಅಮೇರಿಕವು 1992ರಲ್ಲಿ ದಿಗ್ಬಂಧನ ಹಾಕಿತು. 1993ರಲ್ಲಿ ರಷ್ಯವು ಇಂಜಿನುಗಳನ್ನು ಕೊಡುವೆ, ವಿದ್ಯೆಯನ್ನು ಕೊಡಲಾರೆನೆಂದಿತು. 2010ರ ಏಪ್ರಿಲಿನಲ್ಲಿ ನಮ್ಮವರ ಮೊದಲ ಯತ್ನ ಸಮುದ್ರ ಸೇರಿತು. 2014ರ ಜನವರಿ 5ರಂದು ನಮ್ಮದೇ ಇಂಜಿನು ಉಪಗ್ರಹವನ್ನು ಮೇಲಕ್ಕೊಯ್ದಿತು. ಇಪ್ಪತ್ತು ವರ್ಷ ಹಿಡಿಯಿತು. ನಡುವೆ ಯಾರೂ ಯೋಜನೆಯ ಬಾಗಿಲು ಮುಚ್ಚಲಿಲ್ಲ.

ಇಲ್ಲಿನ ಕಟ್ಟೆಯಿಂದ 2022ರಲ್ಲಿ ‘ದೂನಗಿರಿ’ಯೂ 2023ರಲ್ಲಿ ರಾಷ್ಟ್ರಪತಿಗಳ ಸಮ್ಮುಖದಲ್ಲಿ ‘ವಿಂಧ್ಯಗಿರಿ’ಯೂ ನೀರಿಗಿಳಿದವು. ಮುಂದೆಯೂ ಹಡಗುಗಳು ಇಳಿಯುವುವು, ತೆಂಗಿನಕಾಯಿ ಒಡೆಯುವುದು, ಶೇಕಡಾವಾರು ಲೆಕ್ಕವನ್ನು ಸಚಿವರು ಓದುವರು. ಆ ದಿನ ಉಳಿದ ಭಾಗದ ಪಟ್ಟಿಯನ್ನೂ ಓದಬೇಕೆಂದು ನಾವು ಕೇಳುತ್ತೇವೆ: ಯಾವ ಯಂತ್ರ, ಯಾವ ದೇಶದ್ದು, ಅವರು ಕೊಡೆವೆಂದರೆ ಹಡಗು ಎಷ್ಟು ತಿಂಗಳು ಓಡೀತು, ಮತ್ತು ಅದರ ಬದಲಿಯನ್ನು ಸಿದ್ಧಪಡಿಸಲು ಈ ವರ್ಷ ಯಾರಿಗೆ ಎಷ್ಟು ಕೋಟಿ ಕೊಡಲಾಗಿದೆ. ಈ ಪ್ರಾಂತದ ಸಂಸತ್ಸದಸ್ಯರೂ ಕರ್ನಾಟಕದವರೂ ಸೇರಿ ಇಷ್ಟನ್ನು ಲೋಕಸಭೆಯಲ್ಲಿ ಕೇಳಬಹುದು. ಹಡಗು ಇವರ ಕ್ಷೇತ್ರದ್ದು, ಇಂಜಿನಿನ ಪ್ರಶ್ನೆ ಅವರ ಬೆಂಗಳೂರಿನದು.